ಏನೂ ಹಾಕದ ತಟ್ಟೆ

ಎಡಗೈ ಕೋಟಿನ ತೋಳಿನೊಳಗೆ ಹೋಗಲೇ ಇಲ್ಲ. ಒಬ್ಬ ವಿದ್ಯಾರ್ಥಿ ಹೆಣದ ಭುಜ ಹಿಡಿದಿದ್ದ, ಇನ್ನೊಬ್ಬ ಬಿಳಿ ಕೋಟನ್ನು ಎಳೆಯುತ್ತಿದ್ದ, ಸೆಟೆದುಕೊಂಡ ಮೊಣಕೈ ಇಬ್ಬರಿಗೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

"ನಿಧಾನ ಕಣ್ರಯ್ಯ," ಎಂದರು ಪ್ರೊಫೆಸರ್, ಬಾಗಿಲಲ್ಲೇ ನಿಂತು. ಚಿತಾಗಾರದ ಹಿಂದಿನ ತಣ್ಣನೆಯ ಕೋಣೆ ಅವರ ಮಂಡಿಗೆ ಆಗುವುದಿಲ್ಲವಂತೆ.

"ಸ್ವೆಟರ್ ಹಾಕಿದೀನಿ. ಅದೇ ಸಾಕು," ಎಂದಳು ಸತ್ತವನ ಹೆಂಡತಿ, ಮೂರನೆಯ ಸಲ.

"ಹಾಗಲ್ಲಮ್ಮ. ಮೂವತ್ತನಾಲ್ಕು ವರ್ಷ ಬಿಳಿ ಕೋಟಲ್ಲಿ ದುಡಿದೋನು, ಅದರಲ್ಲೇ ಹೋಗ್ಬೇಕು. ಲ್ಯಾಬಿನೋರೆಲ್ಲ ಸೇರಿ ಹೊಸದಾಗಿ ಹೊಲಿಸಿದ್ದಾರೆ. ಜೇಬು ನೋಡಿ."

ಜೇಬಿನ ಮೇಲೆ ಕೆಂಪು ದಾರದಲ್ಲಿ ಒಂದು ಹುಳವನ್ನು ಕಸೂತಿ ಹಾಕಿದ್ದರು. ಅದು ಆ ಪ್ರಯೋಗಾಲಯದ ಗುರುತು. ಸತ್ತವನು ತನ್ನ ಜನ್ಮವೆಲ್ಲ ಸವೆಸಿದ್ದು ಆ ಹುಳಗಳನ್ನು ಸಾಕಿ, ಅವುಗಳ ಮೊಟ್ಟೆ ಎಣಿಸಿ. ವಿದ್ಯಾರ್ಥಿಗಳು ಅವನನ್ನು ಪ್ರೀತಿಯಿಂದ ಹುಳದಪ್ಪ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಅಪ್ಪ ಅನ್ನಿಸಿಕೊಳ್ಳದ ಗಂಡಸಿಗೆ ಅದಕ್ಕಿಂತ ಕೆಟ್ಟ ಹೆಸರು ಬೇಕಿರಲಿಲ್ಲ, ಆದರೆ ಅವನು ನಗುತ್ತಲೇ ಓಗೊಡುತ್ತಿದ್ದ.

ಚಿತಾಗಾರದ ನೌಕರ ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ತೆಗೆದುಕೊಂಡು ಬಂದ. "ಬಿಡಿ, ಬಿಡಿ. ಇದು ನಿಮ್ಮ ಕೈಲಾಗೋ ಕೆಲ್ಸ ಅಲ್ಲ," ಎಂದವನೇ ಕೋಟನ್ನು ಹಿಂದಿನ ಕಾಲರಿನಿಂದ ಅಂಚಿನವರೆಗೆ ಸೀಳಿ, ಎರಡು ತುಂಡನ್ನೂ ಮುಂದಿನಿಂದ ತೊಡಿಸಿ, ಅಂಚುಗಳನ್ನು ಬೆನ್ನ ಕೆಳಗೆ ತುರುಕಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ. "ಬೆನ್ನು ಯಾರು ನೋಡ್ತಾರಮ್ಮ? ಮುಂದಿನಿಂದ ಚೆನ್ನಾಗಿ ಕಂಡ್ರಾಯ್ತು."

ಹುಳದಪ್ಪನ ಅಕ್ಕ ತಲೆಯ ಬಳಿ ನಿಂತು ತಮ್ಮನ ಕೂದಲು ಬಾಚುತ್ತಿದ್ದಳು. ಅವಳು ಕಣ್ಣೊರೆಸಿಕೊಂಡು, "ಡಾಕ್ಟರ್ ಥರಾನೇ ಕಾಣ್ತಾನೆ ನನ್ ತಮ್ಮ," ಎಂದಳು. ಆಮೇಲೆ ತಿರುಗಿ, "ಬೇಕರಿಯವಳೇ, ಅವನ ಕನ್ನಡಕ ಎಲ್ಲಿ?" ಎಂದಳು.

ಗಂಡನ ಮನೆಯವರಿಗೆಲ್ಲ ಸತ್ತವನ ಹೆಂಡತಿ ಬೇಕರಿಯವಳೇ. ಅವಳು ಬೇಕರಿ ಬಿಟ್ಟು ಇಪ್ಪತ್ತಾರು ವರ್ಷವಾಯಿತು. ಬಿಡಿಸಿದವಳೂ ಇದೇ ಅತ್ತಿಗೆ. ಹೆಸರನ್ನು ಮಾತ್ರ ಅವಳು ಬಿಡಲಿಲ್ಲ.

*

ಬೇಕರಿಯಲ್ಲಿ ಅವಳದು ಪದರ ಹಿಟ್ಟಿನ ಕೆಲಸ. ತಣ್ಣನೆಯ ಕಲ್ಲಿನ ಮೇಲೆ ಹಿಟ್ಟನ್ನು ಲಟ್ಟಿಸಿ, ನಡುವೆ ಬೆಣ್ಣೆಯ ಹಲಗೆಯಿಟ್ಟು, ಮಡಚಿ, ಮತ್ತೆ ಲಟ್ಟಿಸಿ, ಮತ್ತೆ ಮಡಚುವುದು. ಕೈ ಬಿಸಿಯಿದ್ದರೆ ಬೆಣ್ಣೆ ಕರಗಿ ಹಿಟ್ಟೆಲ್ಲ ಮುದ್ದೆಯಾಗುತ್ತದೆ. ಅವಳ ಕೈ ತಣ್ಣಗಿತ್ತು. ಬೇಕರಿಯ ಯಜಮಾನ ಹೊಸಬರಿಗೆಲ್ಲ ಅವಳ ಅಂಗೈ ಮುಟ್ಟಿಸಿ, "ಹೀಗಿರ್ಬೇಕು ನೋಡ್ರೋ, ಇದು ಕಲಿತು ಬರೋದಲ್ಲ," ಎನ್ನುತ್ತಿದ್ದ. ಅಷ್ಟು ಹೆಮ್ಮೆಯಿಂದ ಅವಳನ್ನು ಆಮೇಲೆ ಯಾರೂ ಯಾರಿಗೂ ತೋರಿಸಲಿಲ್ಲ.

ಮದುವೆಯಾಗಿ ಏಳು ವರ್ಷದಲ್ಲಿ ಎರಡು ಸಲ ಬಸಿರಾಗಿ ಎರಡೂ ಮೂರನೆಯ ತಿಂಗಳಲ್ಲೇ ಹೋದವು. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, "ಏನೂ ದೋಷ ಇಲ್ಲ, ಕೆಲವು ಸಲ ಹೀಗಾಗುತ್ತೆ, ಪ್ರಯತ್ನ ಬಿಡಬೇಡಿ," ಎಂದರು. ಕಾರಣವಿಲ್ಲದ ದುಃಖವನ್ನು ಯಾರೂ ಸಹಿಸುವುದಿಲ್ಲ. ಮನೆಯವರು ಕಾರಣ ಹುಡುಕುತ್ತಲೇ ಇದ್ದರು.

ಕಾರಣ ಹುಳದ ತಟ್ಟೆಯಿಂದ ಬಂತು. ಆ ಹುಳಗಳು ಹೆಚ್ಚೆಂದರೆ ಒಂದು ಮಿಲಿಮೀಟರ್ ಉದ್ದ. ಬರಿಗಣ್ಣಿಗೆ ದಾರದ ಧೂಳು, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಮೊಟ್ಟೆಯ ಸಾಲೂ ಕಾಣುವಷ್ಟು ತಿಳಿ. ಜೆಲ್ಲಿ ತುಂಬಿದ ಗಾಜಿನ ತಟ್ಟೆಯ ಮೇಲೆ ಅವು ಮೂರು ದಿನಕ್ಕೆ ಪ್ರಾಯಕ್ಕೆ ಬಂದು, ಮುಂದಿನ ಮೂರ್ನಾಲ್ಕು ದಿನದಲ್ಲಿ ಇನ್ನೂರೆಂಬತ್ತು ಮೊಟ್ಟೆ ಇಡುತ್ತಿದ್ದವು. ಹುಳದಪ್ಪ ಪ್ಲಾಟಿನಂ ತಂತಿಯ ತುದಿಯಲ್ಲಿ ಒಂದೊಂದೇ ತಾಯಿಹುಳವನ್ನು ಎತ್ತಿ ದಿನವೂ ಹೊಸ ತಟ್ಟೆಗೆ ದಾಟಿಸಿ, ಹಳೆಯ ತಟ್ಟೆಯಲ್ಲಿ ಉಳಿದ ಮೊಟ್ಟೆ ಎಣಿಸಿ ಬರೆದಿಡುತ್ತಿದ್ದ. ಆ ವರ್ಷ ಪ್ರೊಫೆಸರಿಗೆ ಹೊಸ ಪ್ರಶ್ನೆ ಹುಟ್ಟಿತು. ಬೆಣ್ಣೆಯ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಕೊಬ್ಬನ್ನು, ಸ್ಯಾಚುರೇಟೆಡ್ ಕೊಬ್ಬು ಎನ್ನುತ್ತಾರಲ್ಲ ಅದನ್ನು, ತಟ್ಟೆಗೆ ಬೆರೆಸಿ ತಿನ್ನಿಸಿದರೆ ಹುಳ ಹೇಗೆ ಬೆಳೆಯುತ್ತದೆ, ಎಷ್ಟು ಮರಿ ಹಾಕುತ್ತದೆ?

ಅಕ್ಕನ ಮನೆಯ ಊಟದಲ್ಲಿ ಹುಳದಪ್ಪ ಉತ್ತರ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಅವನ ಕೆಲಸದ ಬಗ್ಗೆ ಯಾರೋ ಕೇಳಿದ್ದರು.

"ಕೊಬ್ಬು ತಿಂದ ಹುಳ ಕುಳ್ಳಾಗ್ತವೆ ಕಣಕ್ಕ. ಪ್ರಾಯಕ್ಕೆ ಬರೋದೂ ಒಂದು ದಿನ ತಡ. ಮೊಟ್ಟೇನೂ ಅಷ್ಟೇ, ಮೂರರಲ್ಲಿ ಒಂದು ಪಾಲು ಕಮ್ಮಿ."

"ಬೆಣ್ಣೆ ಥರದ ಕೊಬ್ಬಾ?"

"ಹೂಂ, ಆ ಜಾತೀದೇ."

ಅತ್ತಿಗೆಯ ಕಣ್ಣು ನಿಧಾನವಾಗಿ ತಮ್ಮನ ಹೆಂಡತಿಯ ತಟ್ಟೆಯ ಮೇಲೆ ಬಂದು ಕೂತಿತು. ಅಲ್ಲಿಂದ ಅದು ಇಪ್ಪತ್ತಾರು ವರ್ಷ ಏಳಲಿಲ್ಲ.

ಮುಂದಿನ ತಿಂಗಳು ಪತ್ರಿಕೆಯಲ್ಲಿ ಪ್ರೊಫೆಸರ ಫೋಟೋ ಬಂತು. ಕೆಳಗೆ, ಮನುಷ್ಯರಿಗೂ ಇದು ಎಚ್ಚರಿಕೆಯ ಗಂಟೆ ಎಂಬ ಅವರ ಮಾತು ದಪ್ಪಕ್ಷರದಲ್ಲಿತ್ತು. ಅತ್ತಿಗೆ ಅದನ್ನು ಕತ್ತರಿಸಿ ತಂದು ತಮ್ಮನ ಮನೆಯ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸಿದಳು. "ದಿನಾ ಆ ಬೆಣ್ಣೇಲಿ ಕೈ ಅದ್ದಿ, ಅದನ್ನೇ ತಿಂದು, ಅದರ ವಾಸನೇನೇ ಕುಡಿದು, ಹೊಟ್ಟೇಲಿ ಹೇಗೆ ನಿಲ್ಲುತ್ತೆ ಮಗು?" ಎಂದಳು. ಬೇಕರಿಯವಳು ಗಂಡನ ಮುಖ ನೋಡಿದಳು. ಇಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು.

"ಅಕ್ಕ ಹೇಳೋದೂ ಸರಿ ಇರಬಹುದು," ಎಂದ ಹುಳದಪ್ಪ.

ಅವಳು ಬೇಕರಿ ಬಿಟ್ಟಳು. ಮನೆಯಲ್ಲಿ ಬೆಣ್ಣೆ, ಕೆನೆ, ಕರಿದದ್ದು ಎಲ್ಲ ನಿಂತಿತು. ಒಣ ಬ್ರೆಡ್ಡು, ಬೇಯಿಸಿದ ತರಕಾರಿ, ನೀರು ಹಾಲು. ಮಗು ನಿಲ್ಲುವುದಿರಲಿ, ಆಮೇಲೆ ಬಸಿರೇ ಆಗಲಿಲ್ಲ. "ಮೊದಲೇ ತಿಂದದ್ದು ಮೈಗೆ ಹತ್ತಿಬಿಟ್ಟಿದೆ," ಎಂದಳು ಅತ್ತಿಗೆ. ಅದಕ್ಕೂ ಹುಳದಪ್ಪ ಏನೂ ಅನ್ನಲಿಲ್ಲ. ಪತ್ರಿಕೆಯ ತುಂಡು ಹಳದಿಯಾಗಿ, ಅಂಚು ಮುರಿದು, ಪ್ರೊಫೆಸರ ಒಂದು ಕಿವಿ ಉದುರಿ ಹೋಗುವವರೆಗೆ ಫ್ರಿಜ್ಜಿನ ಮೇಲೇ ಇತ್ತು.

*

ಹನ್ನೊಂದಕ್ಕೆ ಸಭಾಂಗಣ ಸಿಗಬೇಕಿತ್ತು. ಒಳಗೆ ಇನ್ನಾರದೋ ಸಾವು ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಗೋಡೆಯ ಮೇಲಿನ ಹಲಗೆಯಲ್ಲಿ ಹುಳದಪ್ಪನ ಸರದಿಯ ಸಂಖ್ಯೆ ಇತ್ತು, ನಾಲ್ಕು.

"ಐವತ್ತೊಂಬತ್ತು ಅಂದ್ರೆ ಸಾಯೋ ವಯಸ್ಸಾ?" ಎಂದ ಪಕ್ಕದ ಮನೆಯವನು.

"ಹಾರ್ಟ್ ಅಂತೆ. ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೋರು ಹಾಗೇ ತಲೆ ಊರಿದ್ರಂತೆ. ಎಣಿಸ್ತಿದಾರೆ ಅಂತ ಒಂದು ಗಂಟೆ ಯಾರೂ ಮಾತಾಡಿಸಿಲ್ಲ."

"ಬೆಣ್ಣೆ ಕೂಡ ಮುಟ್ಟದ ಮನುಷ್ಯ!"

ಬೇಕರಿಯವಳ ಪಕ್ಕದ ಕುರ್ಚಿಗೆ ಒಬ್ಬ ಹೆಂಗಸು ಬಂದು ಕೂತಳು. ಕೈಯ ಚರ್ಮ ಬ್ಲೀಚಿಂಗ್ ಪುಡಿಗೆ ಸುಲಿದು ಬಿಳಿಚಿತ್ತು. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆ ತೊಳೆಯುವವಳು. ವರ್ಷಕ್ಕೊಮ್ಮೆ ಲ್ಯಾಬಿನ ಟೀ ಪಾರ್ಟಿಯಲ್ಲಿ ಇಬ್ಬರೂ ಮೂಲೆಯಲ್ಲಿ ನಿಂತು ನಕ್ಕದ್ದಿತ್ತು.

"ಅಣ್ಣ ದೇವರಂಥೋರು ಅಕ್ಕ," ಎಂದಳು ತೊಳೆಯುವವಳು. "ನಾನು ಸೇರಿದ ಹೊಸದರಲ್ಲಿ ಎಲ್ಲರೂ ನನ್ನನ್ನ ಬಕೆಟ್ ನೋಡಿದ ಹಾಗೆ ನೋಡೋರು. ಅಣ್ಣ ಒಬ್ಬರೇ ನನ್ನ ಮಾತು ಕೇಳಿದ್ದು. ಆ ನೊರೆ ವಿಷಯ ನಿಮಗೆ ಹೇಳಿರ್ತಾರಲ್ಲ?"

"ಯಾವ ನೊರೆ?"

"ಅದೇ, ಕೊಬ್ಬಿನ ತಟ್ಟೆ ನೊರೆ. ಇಪ್ಪತ್ತೊಂದು ವರ್ಷ ಆಯ್ತು." ತೊಳೆಯುವವಳು ಅವಳ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. "ಅಯ್ಯೋ. ಹೇಳಿಲ್ವಾ?"

"ಹೇಳಿಲ್ಲ. ನೀನು ಹೇಳು."

"ಇವತ್ತು ಬೇಡ ಬಿಡಿ ಅಕ್ಕ."

"ಇವತ್ತೇ ಹೇಳು. ನಾಳೆ ಅವರು ಇರಲ್ಲ."

*

ತೊಳೆಯುವವಳು ಕೆಲಸಕ್ಕೆ ಸೇರಿದ ಮೂರನೆಯ ವಾರ ಸೋಪಿನ ಪುಡಿ ಮುಗಿದುಹೋಗಿತ್ತು. ತಟ್ಟೆಗಳು ಮಾತ್ರ ಗುಡ್ಡೆ ಬಿದ್ದಿದ್ದವು. ಅವಳು ಬರೀ ಬಿಸಿ ನೀರಲ್ಲಿ ಉಜ್ಜಲು ಕೂತಳು. ಕೆಂಪು ಗುರುತಿನ ತಟ್ಟೆಗಳನ್ನು ಅದ್ದಿದಾಗ ತೊಟ್ಟಿಯ ತುಂಬ ನೊರೆ ಎದ್ದಿತು. ನೀಲಿ ಗುರುತಿನವನ್ನು ಅದ್ದಿದಾಗ ನೀರು ಸುಮ್ಮನಿತ್ತು. ಅವಳು ಎರಡು ಸಲ ನೀರು ಬದಲಿಸಿ ನೋಡಿದಳು. ಹುಳದಪ್ಪ ಹೊಸ ತಟ್ಟೆ ಒಯ್ಯಲು ಬಂದಾಗ ಕೇಳಿದಳು.

"ಅಣ್ಣ, ಕೆಂಪು ತಟ್ಟೆಗೆ ಸೋಪು ಹಾಕ್ತೀರಾ?"

"ಕೊಬ್ಬು ನೀರಲ್ಲಿ ಬೆರೆಯಲ್ವಲ್ಲಮ್ಮ. ಜೆಲ್ಲಿಗೆ ಬೆರೆಯೋಕೆ ಒಂಚೂರು ಸೋಪಿನಂಥ ದ್ರವ ಹಾಕ್ತೀವಿ."

"ನೀಲಿ ತಟ್ಟೆಗೆ?"

"ಅದು ಹೋಲಿಕೆಗೆ ಇಡೋ ತಟ್ಟೆ. ಏನೂ ಹಾಕದ ತಟ್ಟೆ."

"ಮತ್ತೆ ಆ ಕೆಂಪು ತಟ್ಟೇಲಿ ಹುಳಕ್ಕೆ ಆಗದೇ ಇದ್ದದ್ದು ಕೊಬ್ಬೋ ಸೋಪೋ, ಹೇಗೆ ಗೊತ್ತಾಗುತ್ತೆ?"

ಹುಳದಪ್ಪ ಕೈಯಲ್ಲಿದ್ದ ತಟ್ಟೆಗಳ ಕಟ್ಟನ್ನು ಸಿಂಕಿನ ಅಂಚಿಗೆ ಇಟ್ಟ. ಅವನು ಅಲ್ಲೇ, ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನೀಲಿ ತಟ್ಟೆಗೂ ಅದೇ ಸೋಪು, ಅಷ್ಟೇ ಅಳತೆಯಲ್ಲಿ, ಕೊಬ್ಬಿಲ್ಲದೆ ಹಾಕಬೇಕಿತ್ತು. ಹೋಲಿಕೆಯ ತಟ್ಟೆ ಎಂದು ಪ್ರೊಫೆಸರ್ ಹೇಳಿದ್ದರು. ಹೋಲಿಕೆಯ ತಟ್ಟೆಗೆ ಏನೂ ಹಾಕಬಾರದು ಎಂದು ಹುಳದಪ್ಪ ತಿಳಿದಿದ್ದ. ಪ್ರೊಫೆಸರ್ ಒಂದು ದಿನವೂ ತಟ್ಟೆಗೆ ಜೆಲ್ಲಿ ಎರೆಯುವುದನ್ನು ನೋಡಲು ಬಂದವರಲ್ಲ. ತಟ್ಟೆ ಎರೆಯುವುದು ಅಡುಗೆಯವರ ಕೆಲಸ ಎಂದು ಅವರ ಭಾವನೆ.

ಹುಳದಪ್ಪ ಯಾರಿಗೂ ಹೇಳದೆ ಮೂರು ತಿಂಗಳು ಮತ್ತೆ ಎಣಿಸಿದ. ಕೆಲಸ ಮುಗಿದ ಮೇಲೆ ಉಳಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದ. ಏನೂ ಹಾಕದ ತಟ್ಟೆಯಲ್ಲಿ ಇನ್ನೂರೆಂಬತ್ತು ಮೊಟ್ಟೆ. ಬರೀ ಸೋಪಿನ ತಟ್ಟೆಯಲ್ಲಿ ನೂರ ತೊಂಬತ್ತು. ಸೋಪು, ಕೊಬ್ಬು ಎರಡೂ ಇದ್ದ ತಟ್ಟೆಯಲ್ಲಿ ನೂರ ಎಂಬತ್ತು. ಹುಳವನ್ನು ಕುಳ್ಳಾಗಿಸಿದ್ದು, ಮೊಟ್ಟೆ ಕಡಿಮೆ ಮಾಡಿದ್ದು ಹೆಚ್ಚು ಪಾಲು ಸೋಪು. ಕೊಬ್ಬು ಮಾಡಿದ್ದು ಬಾಲದಷ್ಟು.

ಎಣಿಕೆ ಬರೆದ ಪುಸ್ತಕ ತೆಗೆದುಕೊಂಡು ಪ್ರೊಫೆಸರ ಕೋಣೆಗೆ ಹೋದ. ಹತ್ತು ನಿಮಿಷಕ್ಕೆ ಹೊರಗೆ ಬಂದ. ತೊಳೆಯುವವಳು ಕಾರಿಡಾರಿನಲ್ಲಿ ಕಾಯುತ್ತಿದ್ದಳು.

"ಏನಂದ್ರು ಅಣ್ಣ?"

"ಈಗ ಬೇಡ ಅಂದ್ರು. ಮುಂದಿನ ಪ್ರಬಂಧದಲ್ಲಿ ಸರಿ ಮಾಡೋಣ ಅಂದ್ರು."

ಮುಂದಿನ ಪ್ರಬಂಧ ಬಂತು, ಅದರ ಮುಂದಿನದೂ ಬಂತು, ಪ್ರೊಫೆಸರಿಗೆ ಪದಕವೂ ಬಂತು. ಅಂದಿನಿಂದ ಹುಳದಪ್ಪ ನೀಲಿ ತಟ್ಟೆಗೂ ಸೋಪು ಹಾಕತೊಡಗಿದ. ಹಳೆಯದು ಹಳೆಯದಾಗಿಯೇ ಉಳಿಯಿತು.

*

ಬೇಕರಿಯವಳು ಲೆಕ್ಕ ಹಾಕಿದಳು. ಇಪ್ಪತ್ತೊಂದು ವರ್ಷದ ಹಿಂದೆ ಅವಳಿಗೆ ಮೂವತ್ತಾರು. ಇನ್ನೂ ಮೂವತ್ತಾರೇ. ಬೇಕರಿಯ ಯಜಮಾನ ಆಗಲೂ ವರ್ಷಕ್ಕೊಮ್ಮೆ ಹೇಳಿಕಳಿಸುತ್ತಿದ್ದ, ಬರ್ತೀಯೇನಮ್ಮ ಎಂದು.

ಆ ಮೂರು ತಿಂಗಳು ಅವಳಿಗೆ ಚೆನ್ನಾಗಿ ನೆನಪಿತ್ತು. ಗಂಡ ಕೆಂಪು ಕಣ್ಣಿನಿಂದ ಮನೆಗೆ ಬರುತ್ತಿದ್ದ, ಕೇಳಿದರೆ ಕಣ್ಣುನೋವು ಎನ್ನುತ್ತಿದ್ದ. ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆಂದೇ ಅವಳು ನಂಬಿದ್ದಳು. ಒಂದು ಸಂಜೆ ಅವನು ಚೀಲದಿಂದ ಅರ್ಧ ಕಿಲೋ ಬೆಣ್ಣೆಯ ಗಟ್ಟಿ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟ.

"ಏನಿದು?" ಎಂದಿದ್ದಳು.

"ಬೆಣ್ಣೆ."

"ಅದು ಕಾಣುತ್ತೆ. ಯಾರಿಗೆ?"

ಅವನು ಬಾಯಿ ತೆರೆದ. ಮುಚ್ಚಿದ. ಅವಳ ಮೈಯೆಲ್ಲ ಉರಿದುಹೋಯಿತು. "ಐದು ವರ್ಷ ಬಾಯಿ ಕಟ್ಟಿ ಕೂತಿದೀನಿ. ಈಗ ಆಸೆ ತೋರಿಸಿ ಗೇಲಿ ಮಾಡ್ತೀಯಾ?" ಎಂದು ಕಿರುಚಿ, ಕಾಗದವನ್ನೂ ಬಿಚ್ಚದೆ ಬೆಣ್ಣೆಯನ್ನು ಕಸದ ಡಬ್ಬಕ್ಕೆ ಎಸೆದಿದ್ದಳು. ಅವನು ಹೋಗಿ ಕೈಕಾಲು ತೊಳೆದುಕೊಂಡು ಬಂದು ಒಣ ಬ್ರೆಡ್ಡು ತಿಂದ. ಎದುರಿಗೆ ಫ್ರಿಜ್ಜು. ಅದರ ಮೇಲೆ ಎಚ್ಚರಿಕೆಯ ಗಂಟೆ.

ಅಷ್ಟೇ ಅವನ ತಪ್ಪೊಪ್ಪಿಗೆ. ಅರ್ಧ ಕಿಲೋ ತೂಕದ್ದು. ಒಂದು ಸಲ ಎಸೆದದ್ದಕ್ಕೆ ಆಮೇಲೆ ಇಪ್ಪತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡ. ನಾಲಗೆ ಬಿದ್ದುಹೋಗಿತ್ತಾ ನಿನಗೆ, ಎಂದು ಅವಳು ಹೆಣವಿದ್ದ ಕೋಣೆಯ ಮುಚ್ಚಿದ ಬಾಗಿಲಿನ ಕಡೆ ನೋಡಿ ಗೊಣಗಿದಳು. ಒಂದು ಕಾಗದದಲ್ಲಿ ಬರೆದಿಡಬಾರದಿತ್ತಾ? ಆ ಫ್ರಿಜ್ಜಿನ ಚೀಟಿಯನ್ನಾದರೂ ಕಿತ್ತು ಎಸೆಯಬಾರದಿತ್ತಾ? ಹುಳದ ಮೊಟ್ಟೆ ಒಂದು ತಪ್ಪಿದರೆ ಮತ್ತೆ ಮೊದಲಿಂದ ಎಣಿಸುತ್ತಿದ್ದ ಗಂಡಸು, ಹೆಂಡತಿಯ ವಿಷಯದಲ್ಲಿ ತಪ್ಪು ಗೊತ್ತಾದ ಮೇಲೂ ಹಾಗೇ ಬಿಟ್ಟಿದ್ದ. ಅಳು ಬರಲಿಲ್ಲ. ಬೆಳಗಿನಿಂದ ಬಂದದ್ದೂ ನಿಂತುಹೋಯಿತು.

ಅವಳು ಎದ್ದು ಪ್ರೊಫೆಸರ ಹತ್ತಿರ ಹೋದಳು. ಅವರು ಕಿಟಕಿಯ ಬಳಿ ನಿಂತು ಭಾಷಣದ ಹಾಳೆ ಓದಿಕೊಳ್ಳುತ್ತಿದ್ದರು.

"ನೀಲಿ ತಟ್ಟೆಗೆ ಸೋಪು ಹಾಕಿರಲಿಲ್ಲವಂತೆ," ಎಂದಳು.

ಅವರು ಕನ್ನಡಕ ತೆಗೆದರು. ಏನು, ಯಾವುದು, ಎಂದು ಕೇಳಲಿಲ್ಲ. ಅಷ್ಟರಿಂದಲೇ ಅವಳಿಗೆ ಗೊತ್ತಾಯಿತು.

"ಅದು ಬಹಳ ಹಳೇ ಮಾತಮ್ಮ. ತಾಂತ್ರಿಕ ವಿಷಯ."

"ಒಳಗೆ ಮಾತಾಡುವಾಗ ಅದನ್ನ ಹೇಳಿ. ಅವರ ಅಕ್ಕನ ಮುಂದೆ ಹೇಳಿ. ಆ ಲೆಕ್ಕ ತಪ್ಪು ಅಂತ ಒಂದೇ ಒಂದು ಮಾತು. ಪೆಟ್ಟಿಗೆ ಒಳಗೆ ಹೋಗೋ ಮುಂಚೆ."

"ಇದು ಆ ಜಾಗ ಅಲ್ಲ. ಅಲ್ಲದೆ ನಾವು ಹೇಳಿದ್ದು ಹುಳದ ಬಗ್ಗೆ. ಮನುಷ್ಯರ ಬಗ್ಗೆ ಯಾವತ್ತೂ ಹೇಳಿಲ್ಲ."

"ಎಚ್ಚರಿಕೆಯ ಗಂಟೆ ಅಂದೋರು ಯಾರು? ನಿಮ್ಮ ಫೋಟೋ ನೋಡ್ಕೊಂಡು ಹನ್ನೊಂದು ವರ್ಷ ನಾನು ಹಾಲು ಕಾಯಿಸಿದೀನಿ ಸ್ವಾಮಿ. ನಿಮ್ಮ ಕಿವಿ ಎಲ್ಲಿ ಉದುರಿತು ಅಂತಾನೂ ನನಗೆ ಗೊತ್ತು."

ಪ್ರೊಫೆಸರ್ ಸುತ್ತ ನೋಡಿ ದನಿ ತಗ್ಗಿಸಿದರು. "ನೋಡಿ, ತಟ್ಟೆ ಎರೆದದ್ದು ನಿಮ್ಮ ಯಜಮಾನರು. ಈಗ ಅದನ್ನ ಎತ್ತಿದ್ರೆ ಹೆಸರು ಕೆಡೋದು ಅವರದ್ದೇ. ಯೋಚ್ನೆ ಮಾಡಿ."

ಅಷ್ಟರಲ್ಲಿ ಹಲಗೆಯ ಮೇಲೆ ನಾಲ್ಕು ಬೆಳಗಿತು.

*

ಸಭಾಂಗಣದಲ್ಲಿ ನಲವತ್ತು ಕುರ್ಚಿ, ಎದುರಿಗೆ ಉರುಳೆಗಳ ಮೇಲೆ ತೆರೆದ ಪೆಟ್ಟಿಗೆ, ಅದರ ಹಿಂದೆ ಕಬ್ಬಿಣದ ಸಣ್ಣ ಬಾಗಿಲು. ಹುಳದಪ್ಪ ಹೊಸ ಕೋಟಿನಲ್ಲಿ ನಿಜವಾಗಿಯೂ ಡಾಕ್ಟರ ಹಾಗೇ ಕಾಣುತ್ತಿದ್ದ.

ಪ್ರೊಫೆಸರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡಿದರು. ತಾಳ್ಮೆ ಎಂದರು, ಪ್ರಾಮಾಣಿಕತೆ ಎಂದರು. "ಕೊಬ್ಬು ಮತ್ತು ಸಂತಾನದ ಬಗ್ಗೆ ನಮ್ಮ ಹೆಸರಾಂತ ಪ್ರಯೋಗದ ಒಂದೊಂದು ಸಂಖ್ಯೆಯೂ ಈ ಕೈಗಳು ಎಣಿಸಿದ್ದು. ನಮ್ಮ ಪ್ರಯೋಗಾಲಯ ನಿಂತಿರುವುದೇ ಆ ಎಣಿಕೆಯ ಮೇಲೆ," ಎಂದರು. ಅತ್ತಿಗೆ ತಲೆದೂಗಿದಳು. ದೂಗುತ್ತಾ ಒಮ್ಮೆ, ಅಭ್ಯಾಸಬಲದಿಂದ, ಬೇಕರಿಯವಳ ಕಡೆ ನೋಡಿದಳು.

ಆ ನೋಟ ಬೀಳದೆ ಇದ್ದಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. ಅವಳು ಎದ್ದು ಪೆಟ್ಟಿಗೆಯ ಬಳಿ ಬಂದಳು. ಹೆಂಡತಿಯೂ ಎರಡು ಮಾತಾಡುತ್ತಾಳೆಂದು ಎಲ್ಲರೂ ಕರವಸ್ತ್ರ ತೆಗೆದರು.

"ಆ ಪ್ರಯೋಗ ತಪ್ಪು," ಎಂದಳು. "ಕೊಬ್ಬಿನ ತಟ್ಟೆಗೆ ಸೋಪು ಹಾಕಿದ್ರು. ಇನ್ನೊಂದು ತಟ್ಟೆಗೆ ಹಾಕಿರಲಿಲ್ಲ. ಹುಳ ಮೊಟ್ಟೆ ಇಡದೇ ಇದ್ದದ್ದು ಸೋಪಿಗೆ. ತಪ್ಪು ಮಾಡಿದ್ದು ನನ್ನ ಗಂಡ. ಅದನ್ನ ಕಂಡುಹಿಡಿದು ಮತ್ತೆ ಎಣಿಸಿದ್ದೂ ನನ್ನ ಗಂಡ. ಮುಚ್ಚಿಟ್ಟದ್ದು ಇವರು. ಮನೇಲಿ ಮುಚ್ಚಿಟ್ಟದ್ದು ಮಾತ್ರ ಈ ನನ್ನ ಗಂಡಾನೇ."

"ಏ ಬೇಕರಿಯವಳೇ!" ಅತ್ತಿಗೆ ಎದ್ದು ನಿಂತಿದ್ದಳು. "ಹೆಣದ ಮುಂದೆ ಇದೇನು ಮಾತು? ನಾನು ಎತ್ತಿ ಆಡಿಸಿದ ತಮ್ಮ ಅವನು. ತಲೆಗಿಲೆ ಕೆಟ್ಟಿದೆಯಾ ನಿನಗೆ?"

"ನೀನು ಹೇಳಮ್ಮ," ಎಂದಳು ಬೇಕರಿಯವಳು ಹಿಂದಿನ ಸಾಲಿನ ಕಡೆ ತಿರುಗಿ.

ತೊಳೆಯುವವಳು ಎದ್ದಳು. ಪ್ರೊಫೆಸರ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದಳು. "ಕೆಂಪು ತಟ್ಟೆ ನೊರೆ ಬರ್ತಿತ್ತು. ನೀಲಿ ತಟ್ಟೆ ಬರ್ತಿರಲಿಲ್ಲ. ತೊಳೆದೋಳು ನಾನು." ಹೇಳಿ ಕೂತಳು.

ಎರಡನೆಯ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ, ಎಲ್ಲಿ ಕೂತಿದ್ದೇನೆಂಬುದನ್ನೇ ಮರೆತವಳಂತೆ, ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು.

"ಸರ್, ಕಂಟ್ರೋಲ್ ತಟ್ಟೆಗೆ ಡಿಟರ್ಜೆಂಟ್ ಹಾಕಿರಲಿಲ್ವಾ?"

"ಆಮೇಲೆ ಮಾತಾಡೋಣ," ಎಂದರು ಪ್ರೊಫೆಸರ್.

"ಇಲ್ಲ ಸರ್, ನನ್ನ ಮೂರು ವರ್ಷದ ಕೆಲಸ ಪೂರ್ತಿ ಆ ಸಂಖ್ಯೆ ಮೇಲೇ—"

"ಆಮೇಲೆ ಅಂದೆನಲ್ಲ!"

ಆ ಕೂಗು ಸಭಾಂಗಣದ ಮೂಲೆಗೆಲ್ಲ ಕೇಳಿತು. ಅತ್ತಿಗೆಗೂ ಕೇಳಿತು. ಅವಳು ಪ್ರೊಫೆಸರ ಮುಖ ನೋಡಿದಳು, ಅವರು ಇಲ್ಲ ಎನ್ನಲಿ ಎಂದು ಕಾದಳು. ಅವರು ಹಾಳೆ ಮಡಚುತ್ತಿದ್ದರು. ಅತ್ತಿಗೆ ಮೆಲ್ಲನೆ ಕುರ್ಚಿಗೆ ಕುಸಿದಳು.

ಬೇಕರಿಯವಳು ಪೆಟ್ಟಿಗೆಯೊಳಗೆ ಬಾಗಿ ಕೋಟಿನ ಕಾಲರನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಹಿಂದೆ ಸೀಳಿದ್ದ ಕೋಟು ಒಂದೇ ಎಳೆತಕ್ಕೆ ತೋಳು ಸಮೇತ ಕಿತ್ತು ಬಂತು. ಒಳಗೆ ಮೊಣಕೈಗೆ ಅವಳೇ ತೇಪೆ ಹಾಕಿದ್ದ ಬೂದು ಸ್ವೆಟರ್. ಅವಳು ಅದರ ಕುತ್ತಿಗೆಯನ್ನು ಸರಿಮಾಡಿದಳು. ಎದೆಯ ಮೇಲೆ ಅಂಗೈ ಇಟ್ಟು, ಅವನಿಗೊಬ್ಬನಿಗೇ ಕೇಳುವ ಹಾಗೆ, "ಬೆಣ್ಣೆ ತಂದ ದಿನ ಒಂದು ಮಾತು ಹೇಳಬಾರದಾಗಿತ್ತಾ, ಪಾಪಿ," ಎಂದಳು. ಅವಳ ಕೈ ಅವನಷ್ಟೇ ತಣ್ಣಗಿತ್ತು.

ನೌಕರ ಗಡಿಯಾರ ತೋರಿಸಿದ. ಐದನೆಯ ಸಂಖ್ಯೆಯವರು ಬಾಗಿಲಲ್ಲಿ ನಿಂತಿದ್ದರು. ಮುಚ್ಚಳ ಬಿತ್ತು, ಉರುಳೆಗಳು ತಿರುಗಿದವು, ಹುಳದಪ್ಪ ಸ್ವೆಟರಿನಲ್ಲಿ ಒಳಗೆ ಹೋದ.

*

ಪಕ್ಕದ ಕೋಣೆಯಲ್ಲಿ ಟೀ ಇತ್ತು. ಹಳೆಯ ಬೇಕರಿಯವರು, ಯಜಮಾನ ಸತ್ತು ಮಗನ ಕಾಲ ಬಂದಿದ್ದರೂ ಮರೆಯದೆ, ಎರಡು ಟ್ರೇ ಬ್ರೆಡ್ಡು, ಜೊತೆಗೆ ಒಂದು ದೊಡ್ಡ ಬಟ್ಟಲು ಬೆಣ್ಣೆ ಕಳಿಸಿದ್ದರು. ಪ್ರೊಫೆಸರ್ ಟೀಗೆ ನಿಲ್ಲಲಿಲ್ಲ. ಅಂಗಳದಲ್ಲಿ ಆ ವಿದ್ಯಾರ್ಥಿನಿ ಅವರ ಕಾರಿನ ಕಿಟಕಿಯ ಬಳಿ ನಿಂತು ಏನೋ ಕೇಳುತ್ತಲೇ ಇದ್ದಳು. ಕಿಟಕಿಯ ಗಾಜು ಅರ್ಧ ಏರಿತ್ತು.

ಮೇಜಿನ ಮೇಲೆ ಒಂದೂ ಶುಚಿಯಾದ ತಟ್ಟೆ ಇರಲಿಲ್ಲ. ಮೂರನೆಯ ಸಂಖ್ಯೆಯವರು ತಿಂದು ಬಿಟ್ಟುಹೋದ ಜಿಡ್ಡಿನ ತಟ್ಟೆಗಳು ಸಿಂಕಿನಲ್ಲಿ ರಾಶಿ ಬಿದ್ದಿದ್ದವು. ತೊಳೆಯುವವಳು ಅಭ್ಯಾಸದಂತೆ ತೋಳು ಮಡಚಿ ನಲ್ಲಿ ತಿರುಗಿಸಿದಳು.

"ಸೋಪಿಲ್ಲ ಅಕ್ಕ. ಬರೀ ನೀರಿಗೆ ಜಿಡ್ಡು ಹೋಗಲ್ಲ."

"ಕೊಡು ಇಲ್ಲಿ," ಎಂದಳು ಬೇಕರಿಯವಳು. ಕಂಕುಳಲ್ಲಿದ್ದ ಬಿಳಿ ಕೋಟನ್ನು ಮುದ್ದೆ ಮಾಡಿಕೊಂಡು ಒಂದು ತಟ್ಟೆಯನ್ನು ಒತ್ತಿ ಒತ್ತಿ ಒರೆಸಿದಳು. ಎರಡನೆಯದನ್ನು ಜೇಬು ಹಿಡಿದು ಒರೆಸಿದಳು. ಕಸೂತಿಯ ಹುಳ ಜಿಡ್ಡು ಕುಡಿದು ಇನ್ನಷ್ಟು ಕೆಂಪಾಯಿತು.

ಎರಡೂ ತಟ್ಟೆ ಹಿಡಿದುಕೊಂಡು ಹೋಗಿ ಅತ್ತಿಗೆಯ ಎದುರಿನ ಕುರ್ಚಿಯಲ್ಲಿ ಕೂತಳು. ಮುದುಕಿ ಅಳುವುದನ್ನು ನಿಲ್ಲಿಸಿದ್ದಳು. ಬೇಕರಿಯವಳು ಒಂದು ತುಂಡು ಬ್ರೆಡ್ಡು ತೆಗೆದುಕೊಂಡು ಬೆರಳು ದಪ್ಪ ಬೆಣ್ಣೆ ಬಳಿದಳು, ಮೂಲೆ ಮೂಲೆಗೂ, ಪದರ ಹಿಟ್ಟಿಗೆ ಬೆಣ್ಣೆ ಕೂರಿಸುವ ಹಾಗೆ, ಒಂದಿಷ್ಟೂ ಅವಸರವಿಲ್ಲದೆ. ಅತ್ತಿಗೆಯ ಕೈ ತಾನಾಗಿಯೇ ಎದ್ದು ಬೆಣ್ಣೆಯ ಬಟ್ಟಲಿನ ಕಡೆ ಬಂತು, ಅದನ್ನು ದೂರ ಸರಿಸಲು. ಅರ್ಧ ದಾರಿಯಲ್ಲಿ ನಿಂತಿತು.

ಬೇಕರಿಯವಳು ಇನ್ನೊಂದು ತಟ್ಟೆಯನ್ನು ಆ ಕೈಯ ಕೆಳಗೆ ಸರಿಸಿಟ್ಟಳು. ಒರೆಸಿ ಒರೆಸಿ ಫಳಫಳ ಹೊಳೆಯುತ್ತಿದ್ದ ತಟ್ಟೆ.

"ಇದು ನಿಮಗೆ ಅತ್ತಿಗೆ," ಎಂದಳು.

ಅದರಲ್ಲಿ ಏನೂ ಹಾಕಿರಲಿಲ್ಲ. ಅವಳು ತನ್ನ ಬ್ರೆಡ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅತ್ತಿಗೆಯ ಮುಖದಿಂದ ಕಣ್ಣು ತೆಗೆಯದೆ, ದೊಡ್ಡದಾಗಿ ಕಚ್ಚಿದಳು.